ಡಾ|| ವೈನು ಬಪ್ಪು: ಉಯ್ಯಂಬಳ್ಳಿಯ ಒಂದು ರಾತ್ರಿಯ ನೆನಪಿನೊಡನೆ

ಮಹನೀಯರ ಜೀವನ ಚರಿತ್ರೆಯನ್ನು ಓದುವುದು ಬೇರೆ, ಅದನ್ನು ಅರಿಯುವುದು ಬೇರೆ. ಹುಟ್ಟಿದ ಇಸವಿ, ಕಲಿತ ಶಾಲೆ, ಪಡೆದ ಪದವಿ, ಬಂದ ಪ್ರಶಸ್ತಿ, ತೀರಿಕೊಂಡ ದಿನ ಇಷ್ಟನ್ನು ಸಾಲಾಗಿ ಒಪ್ಪಿಸಿದರೆ ಚರಿತ್ರೆ ಹೇಳಿದಂತಾಯಿತೆಂದು ನಾನು ಬಹುಕಾಲ ತಿಳಿದಿದ್ದೆ. ಚರಿತ್ರೆಯೇ ನನ್ನ ಐಚ್ಛಿಕ ವಿಷಯವಾದ್ದರಿಂದ ಇಸವಿಗಳನ್ನು ಕಂಠಪಾಠ ಮಾಡಿ ಹೇಳುವುದರಲ್ಲಿ ನನಗೆ ಸ್ವಲ್ಪ ಹೆಮ್ಮೆಯೂ ಇತ್ತು. ಆ ಹೆಮ್ಮೆ ಮುರಿದದ್ದು 2023ನೆಯ ಇಸವಿ ಡಿಸೆಂಬರ್ 14ರ ರಾತ್ರಿ, ಕನಕಪುರ ತಾಲ್ಲೂಕು ಉಯ್ಯಂಬಳ್ಳಿಯ ಬಳಿಯ ಒಂದು ರಾಗಿಯ ಕಣದಲ್ಲಿ. ಅಲ್ಲಿ ನಾನು ಖಗೋಳ ವಿಜ್ಞಾನಿ ಡಾ|| ವೈನು ಬಪ್ಪು ಅವರನ್ನು ಕುರಿತು ಮಾತನಾಡಿದೆ, ಮಾತು ಸರಿಹೋಗಲಿಲ್ಲ. ಅಂದು ಸರಿಹೋಗದ ಮಾತನ್ನು ಇಂದು ತಿದ್ದಿ ಬರೆಯುವುದೇ ಈ ಲೇಖನದ ಉದ್ದೇಶ.

ನಮ್ಮದು ಕಲಾ ಕಾಲೇಜು. ಇಲ್ಲಿ ಖಗೋಳ ಸಂಘವೇಕೆ ಎಂದು ಕೇಳಿದವರುಂಟು. ಭೂಮಿಯನ್ನು ಓದುವವನು ಅದು ಎಲ್ಲಿ ತೇಲುತ್ತಿದೆ ಎಂಬುದನ್ನೂ ಒಂದಿಷ್ಟು ನೋಡಬೇಕಲ್ಲವೇ ಎಂದು ನಗುತ್ತಲೇ ಉತ್ತರ ಕೊಟ್ಟು, ಭೂಗೋಳದ ಉಪನ್ಯಾಸಕರು ಸಂಘವನ್ನು ನಡೆಸಿಕೊಂಡು ಬಂದಿದ್ದಾರೆ. ಸಂಘದಲ್ಲಿ ದೂರದರ್ಶಕ ಯಂತ್ರವಿಲ್ಲ. ಉಲ್ಕೆಗಳನ್ನು ನೋಡಲು ಅದು ಬೇಕಾಗಿಯೂ ಇಲ್ಲ; ಆಕಾಶದ ಬಹುಭಾಗವನ್ನು ಒಟ್ಟಿಗೆ ಗಮನಿಸಬೇಕಾದ ಈ ಕೆಲಸಕ್ಕೆ ಬರಿಗಣ್ಣೇ ಮೇಲು. ಬೇಕಾದದ್ದು ಎರಡೇ: ತಾಳ್ಮೆ ಮತ್ತು ಕತ್ತಲೆ. ಮೊದಲನೆಯದನ್ನು ಮನೆಯಿಂದ ತರಬಹುದು. ಎರಡನೆಯದು ಬೆಂಗಳೂರಿನ ಸುತ್ತಮುತ್ತ ಸಿಕ್ಕುವುದಿಲ್ಲ. ಆದುದರಿಂದ ಕನಕಪುರದಿಂದ ದಕ್ಷಿಣಕ್ಕೆ, ಕಾವೇರಿಯ ಕಾಡುಗಳ ಕಡೆಗೆ ಹೋಗುವುದೆಂದು ತೀರ್ಮಾನವಾಯಿತು. ಉಯ್ಯಂಬಳ್ಳಿಯ ಕಡೆಯವನಾದ ನಮ್ಮ ಸಹಪಾಠಿಯೊಬ್ಬನು ತನ್ನ ತಾತನ ಕಣವನ್ನು ನಮಗೆ ಕೇಳಿಕೊಟ್ಟನು. ಅಮಾವಾಸ್ಯೆ ಕಳೆದು ಎರಡು ದಿನವಾಗಿತ್ತು, ಚಂದ್ರನ ಕಾಟವಿರಲಿಲ್ಲ.

ಆ ವರ್ಷ ಮಳೆ ಕೈಕೊಟ್ಟಿತ್ತೆಂಬುದು ಎಲ್ಲರಿಗೂ ನೆನಪಿರಬಹುದು. ರಾಜ್ಯದ ಬಹುಪಾಲು ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಲಾಗಿತ್ತು. ತಾತನ ಹೊಲದಲ್ಲಿ ಬಂದ ರಾಗಿಯೂ ಅಷ್ಟಕ್ಕಷ್ಟೆ. ಬಂದಷ್ಟನ್ನು ಕೊಯ್ದು ಕಣದ ಮಗ್ಗುಲಿಗೆ ಮೆದೆ ಹಾಕಿದ್ದರು. ಆ ಸೀಮೆಯಲ್ಲಿ ಸುಗ್ಗಿಯ ಕಾಲವೆಂದರೆ ಆನೆಗಳ ಕಾಲವೂ ಹೌದು. ಕಾಡಿನಿಂದ ಇಳಿದು ಬಂದ ಆನೆಗಳು ಒಂದೇ ರಾತ್ರಿಯಲ್ಲಿ ವರ್ಷದ ಅನ್ನವನ್ನು ತುಳಿದು ಹೋಗುವುದುಂಟು. ಆದಕಾರಣ ರೈತರು ಅಟ್ಟಣೆ ಕಟ್ಟಿ ರಾತ್ರಿಯೆಲ್ಲ ಕಾವಲಿರುತ್ತಾರೆ. ತಾತನ ಕಣದ ಕಂಬದಲ್ಲಿಯೂ ಪ್ರಖರವಾದ ಒಂದು ದೀಪ ಬೆಳಗಿನವರೆಗೆ ಉರಿಯುತ್ತಿತ್ತು.

ಆ ದೀಪವನ್ನು ಕಂಡು ನಮ್ಮ ಉಪನ್ಯಾಸಕರ ಮುಖ ಸಪ್ಪಗಾಯಿತು. ಕತ್ತಲೆಗೆ ಕಣ್ಣು ಹೊಂದಿಕೊಳ್ಳಲು ಅರ್ಧ ಗಂಟೆಯಾದರೂ ಬೇಕು. ಒಂದು ಕ್ಷಣ ದೀಪ ನೋಡಿದರೆ ಆ ಅರ್ಧ ಗಂಟೆಯನ್ನು ಮತ್ತೆ ಮೊದಲಿನಿಂದ ಎಣಿಸಬೇಕು. ನಮ್ಮ ಕೈದೀಪಗಳಿಗೆಲ್ಲ ಕೆಂಪು ಕಾಗದ ಸುತ್ತಿ ತಂದಿದ್ದುದು ಅದಕ್ಕಾಗಿಯೇ. ಆದರೆ ಆನೆಗೆ ಅಂಜಿ ಹಾಕಿದ ದೀಪವನ್ನು ಆರಿಸಿರೆಂದು ಯಾವ ಬಾಯಿಂದ ಕೇಳುವುದು? ಅವರು ಕೇಳಲಿಲ್ಲ. ಮೊಮ್ಮಗನಿಂದ ವಿಷಯ ತಿಳಿದ ತಾತನೇ, ಮಕ್ಕಳು ಇಷ್ಟು ದೂರ ಬಂದಿದ್ದಾರೆ ಎಂದು ಹೇಳಿ ದೀಪವನ್ನು ಆರಿಸಿದರು. ಅದಕ್ಕೆ ಪ್ರತಿಯಾಗಿ ನಮ್ಮಲ್ಲಿ ಒಬ್ಬೊಬ್ಬರು ಸರದಿಯ ಮೇಲೆ ಒಂದು ಗಂಟೆ ಕಾಲ ಅವರೊಡನೆ ಅಟ್ಟಣೆಯಲ್ಲಿ ಕುಳಿತು ಕಾಡಿನ ಕಡೆ ಕಿವಿಗೊಡುವುದೆಂದು ಒಪ್ಪಂದವಾಯಿತು. ನನ್ನ ಸರದಿ ಮಧ್ಯರಾತ್ರಿ ಹನ್ನೆರಡರಿಂದ ಒಂದು ಗಂಟೆಯವರೆಗೆ ಬಂದಿತು. ಆ ವರ್ಷ ಉಲ್ಕೆಗಳು ಅತಿ ದಟ್ಟವಾಗಿ ಬೀಳುವ ಹೊತ್ತು ಸರಿಯಾಗಿ ಹನ್ನೆರಡೂವರೆಯ ಆಸುಪಾಸು ಎಂದು ಲೆಕ್ಕ ಹಾಕಲಾಗಿತ್ತು. ನನಗೆ ಒಳಗೊಳಗೇ ಬೇಸರವಾಯಿತೆಂದು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ.

ಊಟವಾದ ಮೇಲೆ ಜಮಖಾನ ಹಾಸಿ, ಕಂಬಳಿ ಹೊದ್ದು, ನಾಲ್ಕು ದಿಕ್ಕಿಗೆ ನಾಲ್ಕು ಗುಂಪುಗಳಾಗಿ ಮಲಗಿದೆವು. ಮಿಥುನ ರಾಶಿ ಚೆನ್ನಾಗಿ ಮೇಲೇರುವವರೆಗೆ ಹೊತ್ತು ಕಳೆಯಬೇಕು. ಇಂತಹ ರಾತ್ರಿಗಳಲ್ಲಿ ಸದಸ್ಯರೊಬ್ಬರು ಒಬ್ಬ ಖಗೋಳಜ್ಞರ ಜೀವನವನ್ನು ಹೇಳುವುದು ನಮ್ಮಲ್ಲಿ ವಾಡಿಕೆ. ಅಂದಿನ ಭಾಗ್ಯ ನನ್ನದಾಗಿತ್ತು.

ಮಣಲಿ ಕಲ್ಲಾಟ್ ವೈನು ಬಪ್ಪು ಅವರು 1927ನೆಯ ಇಸವಿ ಆಗಸ್ಟ್ 10ರಂದು ಮದ್ರಾಸಿನಲ್ಲಿ ಜನಿಸಿದರು. ಪೂರ್ವಿಕರು ಕೇರಳದ ಕಣ್ಣೂರು ಸೀಮೆಯವರು. ತಂದೆಯವರು ಹೈದರಾಬಾದಿನ ನಿಜಾಮಿಯಾ ವೇಧಶಾಲೆಯಲ್ಲಿ ಉದ್ಯೋಗದಲ್ಲಿದ್ದರು. ಬೇರೆ ಮಕ್ಕಳು ಅಂಗಳದಲ್ಲಿ ಆಡಿ ಮಲಗುವ ಹೊತ್ತಿಗೆ ಈ ಮಗುವಿನ ತಂದೆ ಕೆಲಸಕ್ಕೆ ಹೊರಡುತ್ತಿದ್ದರೆಂದು ಊಹಿಸಿಕೊಳ್ಳಬಹುದು. ನಕ್ಷತ್ರಗಳನ್ನು ನೋಡುವುದು ಸಂಬಳ ತರುವ ಕೆಲಸವೂ ಆಗಬಲ್ಲದೆಂಬ ನಂಬಿಕೆ ನಮ್ಮ ದೇಶದ ಎಷ್ಟು ಮಂದಿ ಹುಡುಗರಿಗೆ ಸಿಕ್ಕೀತು? ಬಪ್ಪು ಅವರಿಗೆ ಅದು ಮನೆಯಲ್ಲಿಯೇ ಸಿಕ್ಕಿತು. ನಿಜಾಂ ಕಾಲೇಜಿನಲ್ಲಿ ಓದುತ್ತಿದ್ದಾಗಲೇ, ಬೆಳಕು ಏರಿಳಿಯುವ ನಕ್ಷತ್ರಗಳನ್ನು ಅವಲೋಕಿಸಿ ಲೇಖನ ಪ್ರಕಟಿಸಿದರು. ಅನಂತರ ಮದ್ರಾಸ್ ವಿಶ್ವವಿದ್ಯಾನಿಲಯದ ಎಂ.ಎಸ್‌ಸಿ. ಪದವಿಯನ್ನು ಪಡೆದು, ಹೈದರಾಬಾದ್ ಸರ್ಕಾರದ ವಿದ್ಯಾರ್ಥಿ ವೇತನದ ನೆರವಿನಿಂದ 1949ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯವನ್ನು ಸೇರಿದರು.

ಅಲ್ಲಿಗೆ ಹೋಗಿ ಕೆಲವೇ ತಿಂಗಳು ಕಳೆದಿದ್ದವು. ಅದೇ ಜುಲೈ 2ರ ರಾತ್ರಿ ತೆಗೆದ ಒಂದು ಛಾಯಾಚಿತ್ರ ಫಲಕವನ್ನು ಪರೀಕ್ಷಿಸುತ್ತಿರುವಾಗ, ನಕ್ಷತ್ರಗಳ ನಡುವೆ ಮಸುಕಾದ ಒಂದು ವಸ್ತು ಅವರ ಕಣ್ಣಿಗೆ ಬಿತ್ತು. ಅದು ಅದುವರೆಗೆ ಯಾರೂ ಕಂಡಿರದ ಧೂಮಕೇತುವಾಗಿತ್ತು. ಗುರುಗಳಾದ ಬಾರ್ಟ್ ಬಾಕ್ ಮತ್ತು ಸಹವಿದ್ಯಾರ್ಥಿ ಗೋರ್ಡನ್ ನ್ಯೂಕರ್ಕ್ ಅವರ ಹೆಸರುಗಳೂ ಕೂಡಿ ಅದಕ್ಕೆ ಬಪ್ಪು-ಬಾಕ್-ನ್ಯೂಕರ್ಕ್ ಎಂಬ ನಾಮಕರಣವಾಯಿತು. ಅದು ಮರಳಿ ಬರಲು ಸುಮಾರು 60,000 ವರ್ಷಗಳು ಬೇಕೆಂದು ಲೆಕ್ಕ ಹಾಕಿದರು. ಪೆಸಿಫಿಕ್ ಖಗೋಳ ಸಂಘವು ಅವರಿಗೆ ಡೊನೊಹೊ ಪದಕವನ್ನಿತ್ತಿತು. ಆಗ ಅವರಿಗೆ ಇಪ್ಪತ್ತೆರಡು ವರ್ಷವೂ ತುಂಬಿರಲಿಲ್ಲ. ನಮ್ಮ ಕಾಲೇಜಿನ ಕೊನೆಯ ವರ್ಷದವರ ವಯಸ್ಸು.

ನಾನು ಇಷ್ಟು ಹೇಳುವಷ್ಟರಲ್ಲಿ ಪೂರ್ವದ ಗುಂಪಿನವರು ಕೂಗಿದರು. ದಿಗಂತದ ಮೇಲಿಂದ ನೀಳವಾದ ಒಂದು ಗೆರೆ ನಿಧಾನವಾಗಿ ಎದ್ದು ನೆತ್ತಿಯವರೆಗೆ ಸಾಗಿ ಆರಿತು. ಧೂಮಕೇತುವಿಗೂ ಈ ಗೆರೆಗೂ ಇರುವ ನಂಟನ್ನು ಉಪನ್ಯಾಸಕರು ಅಲ್ಲಿಯೇ ವಿವರಿಸಿದರು. ಧೂಮಕೇತುವು ಸೂರ್ಯನ ಸಮೀಪ ಬಂದಾಗ ಬಿಸಿಗೆ ಸಿಕ್ಕಿ ಧೂಳನ್ನು ಉದುರಿಸುತ್ತದೆ. ಆ ಧೂಳು ಅದರ ಹಾದಿಯುದ್ದಕ್ಕೂ ಹರಡಿಕೊಂಡಿರುತ್ತದೆ. ಭೂಮಿ ವರ್ಷಕ್ಕೊಮ್ಮೆ ಆ ಹಾದಿಯನ್ನು ದಾಟುವಾಗ ಕಣಗಳು ನಮ್ಮ ವಾಯುಮಂಡಲಕ್ಕೆ ನುಗ್ಗಿ, ಸುಮಾರು 100 ಕಿಲೋಮೀಟರ್ ಎತ್ತರದಲ್ಲಿ ಉರಿದುಹೋಗುತ್ತವೆ. ಮರಳಿನ ಕಣದಷ್ಟು, ದೊಡ್ಡದಾದರೆ ಕಡಲೆಕಾಳಿನಷ್ಟು ಇರುವ ವಸ್ತು ಅಷ್ಟು ಬೆಳಕು ಕೊಡುವುದು ಅದರ ವೇಗದಿಂದ. ಆಗಸ್ಟ್ ತಿಂಗಳ ಪರ್ಸೀಯಸ್ ಉಲ್ಕೆಗಳಿಗೂ ಒಂದು ಧೂಮಕೇತುವಿಗೂ ಸಂಬಂಧವುಂಟೆಂದು ಇಟಲಿಯ ಶಿಯಾಪರೆಲ್ಲಿ 1866ರಲ್ಲಿ ತೋರಿಸಿಕೊಟ್ಟರು. ನಾವು ಅಂದು ನೋಡುತ್ತಿದ್ದ ಮಿಥುನ ಉಲ್ಕೆಗಳು ಸೆಕೆಂಡಿಗೆ ಸುಮಾರು 35 ಕಿಲೋಮೀಟರ್ ವೇಗದವು. ಉಲ್ಕೆಗಳ ಪೈಕಿ ಇದು ನಿಧಾನವೇ ಸರಿ. ಪುನರ್ವಸುವಿನ ಎರಡು ತಾರೆಗಳಲ್ಲಿ ಒಂದಾದ ಕ್ಯಾಸ್ಟರ್ ಬಳಿಯಿಂದ ಅವು ಚೆದರಿ ಬರುವಂತೆ ತೋರುವುದು ಕಣ್ಣಿನ ಭ್ರಮೆ. ಸಮಾನಾಂತರವಾದ ರೈಲು ಹಳಿಗಳು ದೂರದಲ್ಲಿ ಒಂದುಗೂಡಿದಂತೆ ಕಾಣುವುದಿಲ್ಲವೆ, ಹಾಗೆ.

ನಾನು ಮುಂದುವರಿಸಿದೆ. 1952ರಲ್ಲಿ ಬಪ್ಪು ಅವರಿಗೆ ಡಾಕ್ಟರೇಟ್ ಬಂದಿತು. ಕಾರ್ನೆಗಿ ವೇತನ ದೊರೆತು ಪಾಲೊಮಾರ್ ವೇಧಶಾಲೆಗೆ ಹೋದರು. ಅಲ್ಲಿದ್ದ 200 ಅಂಗುಲದ ದೂರದರ್ಶಕ ಆಗ ಜಗತ್ತಿನಲ್ಲಿಯೇ ದೊಡ್ಡದು. ಅಲ್ಲಿ ಓಲಿನ್ ವಿಲ್ಸನ್ ಎಂಬ ವಿಜ್ಞಾನಿಯ ಜೊತೆಗೂಡಿ ನಡೆಸಿದ ಸಂಶೋಧನೆ ಇಂದಿಗೂ ವಿಲ್ಸನ್-ಬಪ್ಪು ಪರಿಣಾಮವೆಂದು ಪಠ್ಯಪುಸ್ತಕಗಳಲ್ಲಿದೆ. ಸೂರ್ಯನಂತಹ ಮತ್ತು ಅದಕ್ಕಿಂತ ತಣ್ಣಗಿರುವ ನಕ್ಷತ್ರಗಳ ರೋಹಿತದಲ್ಲಿ ಕ್ಯಾಲ್ಸಿಯಂ ಧಾತುವಿನ ಒಂದು ಗೆರೆಯುಂಟು. ಅದರ ನಡುವಿನ ಹೊಳಪಿನ ಅಗಲವನ್ನು ಅಳೆದರೆ ಆ ನಕ್ಷತ್ರದ ನಿಜವಾದ ಪ್ರಕಾಶ ತಿಳಿಯುತ್ತದೆ. ನಿಜವಾದ ಪ್ರಕಾಶ ತಿಳಿದರೆ, ಕಣ್ಣಿಗೆ ಕಾಣುವ ಪ್ರಕಾಶದೊಡನೆ ಹೋಲಿಸಿ ದೂರವನ್ನು ಹೇಳಬಹುದು. ಈ ಫಲಿತಾಂಶ 1957ರಲ್ಲಿ ಪ್ರಕಟವಾಯಿತು.

ಇಲ್ಲಿಯವರೆಗೆ ನನ್ನ ಮಾತು ಉತ್ಸಾಹದಿಂದ ಸಾಗಿತು. ಮುಂದಿನದನ್ನು ನಾನು ನಾಲ್ಕೇ ವಾಕ್ಯಗಳಲ್ಲಿ ಮುಗಿಸಿದೆ: ಭಾರತಕ್ಕೆ ಮರಳಿದರು, ಸಂಸ್ಥೆಗಳನ್ನು ಕಟ್ಟಿದರು, ಪದ್ಮಭೂಷಣ ಬಂದಿತು, 1982ರಲ್ಲಿ ತೀರಿಕೊಂಡರು. ಕಂಡುಹಿಡಿದವನ ಕಥೆಯಲ್ಲಿ ಸ್ವಾರಸ್ಯವುಂಟು, ಆಡಳಿತಗಾರನ ಕಥೆಯಲ್ಲಿ ಏನಿದೆ ಎಂಬುದು ನನ್ನ ಭಾವನೆಯಾಗಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ಉಪನ್ಯಾಸಕರು ಮಾತ್ರ, ಅರ್ಧ ಹೇಳಿದೆ, ಉಳಿದರ್ಧ ಯಾವಾಗ ಎಂದು ಕೇಳಿ ಸುಮ್ಮನಾದರು. ಅದರ ಅರ್ಥ ನನಗಾಗಲಿಲ್ಲ.

ಹನ್ನೆರಡು ಗಂಟೆಗೆ ಅಟ್ಟಣೆ ಹತ್ತಿದೆ. ತಾತ ಒಂದು ಅಂಚಿನಲ್ಲಿ ಕಂಬಳಿ ಹೊದ್ದು ಕುಳಿತಿದ್ದರು. ಕೈಯಲ್ಲಿ ಖಾಲಿ ಡಬ್ಬ, ಪಕ್ಕದಲ್ಲಿ ದೀಪದ ಗುಂಡಿ. ನೆತ್ತಿಯ ಮೇಲೆ ಉಲ್ಕೆಗಳು ಒಂದರ ಹಿಂದೆ ಒಂದರಂತೆ ಬೀಳುತ್ತಿದ್ದವು. ಕೆಳಗಿನಿಂದ ಗೆಳೆಯರು ಸಮಯ ಕೂಗಿ ಬರೆದುಕೊಳ್ಳುವ ದನಿ ಕೇಳುತ್ತಿತ್ತು. ನಾನು ಕತ್ತೆತ್ತುವುದೂ, ಕರ್ತವ್ಯ ನೆನಪಾಗಿ ಕಾಡಿನ ಕಡೆ ತಿರುಗುವುದೂ ನಡೆದಿತ್ತು. ತಾತ ಒಮ್ಮೆಯೂ ಮೇಲೆ ನೋಡಲಿಲ್ಲ.

ಹನ್ನೆರಡೂ ಇಪ್ಪತ್ತೈದರ ಹೊತ್ತಿಗೆ ಪಕ್ಕದ ಹೊಲದ ಕಡೆಯಿಂದ ಡಬ್ಬ ಬಡಿಯುವ ಸದ್ದು ಕೇಳಿಸಿತು. ಅನಂತರ ಜೋಳದ ದಂಟು ಮುರಿದಂತಹ ಸದ್ದು. ತಾತನ ಕೈ ದೀಪದ ಗುಂಡಿಯ ಮೇಲೆ ಹೋಗಿ ಅಲ್ಲಿಯೇ ನಿಂತಿತು. ಅವರು ನನ್ನ ಮುಖ ನೋಡಿದರು. ಕೊಟ್ಟ ಮಾತು ಅವರನ್ನು ತಡೆದಿತ್ತು. ಹಾಕಿರೆಂದು ನಾನು ಕೂಡಲೇ ಹೇಳಬೇಕಾಗಿತ್ತು. ಆದರೆ ಇನ್ನೈದು ನಿಮಿಷದಲ್ಲಿ ವರ್ಷದ ಅತ್ಯುತ್ತಮ ಘಳಿಗೆ, ಇಪ್ಪತ್ತೆರಡು ಜನರ ಕಣ್ಣು, ನಾಲ್ಕು ಗುಂಪುಗಳ ಲೆಕ್ಕ, ಇವೆಲ್ಲವೂ ನನ್ನ ನಾಲಿಗೆಯನ್ನು ಹಿಡಿದವು. ಎಷ್ಟು ಹೊತ್ತು ಸುಮ್ಮನಿದ್ದೆನೋ ಕಾಣೆ, ನಾಲ್ಕಾರು ಕ್ಷಣಗಳಿರಬಹುದು. ಅಷ್ಟರಲ್ಲಿ ಕೆಳಗಿನ ಕತ್ತಲೆಯಿಂದ ನಮ್ಮ ಉಪನ್ಯಾಸಕರು, ದೀಪ ಹಾಕಿ ತಾತ ಎಂದು ಗಟ್ಟಿಯಾಗಿ ಕೂಗಿದರು. ದೀಪ ಬೆಳಗಿತು. ಬೇಲಿಯಾಚೆ ಎರಡು ಆನೆಗಳು ನಿಂತಿದ್ದವು. ಎಲ್ಲರೂ ಎದ್ದು ತಟ್ಟೆ, ಡಬ್ಬ, ಕೈಗೆ ಸಿಕ್ಕಿದ್ದನ್ನು ಬಡಿದೆವು. ಅವು ಅವಸರವಿಲ್ಲದೆ ಹಿಂದಿರುಗಿ ಕತ್ತಲೆಯಲ್ಲಿ ಕರಗಿದವು. ಮೆದೆ ಉಳಿಯಿತು. ಪಕ್ಕದ ಹೊಲದವರ ಬೇಲಿ ಮುರಿದಿತ್ತು.

ಹನ್ನೆರಡೂ ಐವತ್ತಕ್ಕೆ ತಾತ ತಾವಾಗಿಯೇ ಮತ್ತೆ ದೀಪ ಆರಿಸಿದರು. ಆ ಇಪ್ಪತ್ತೈದು ನಿಮಿಷದ ಅಂಕಣದಲ್ಲಿ ಅಂದಾಜಿನ ಸಂಖ್ಯೆಯನ್ನು ತುಂಬಬಹುದಲ್ಲವೆ ಎಂದು ಒಬ್ಬರು ಕೇಳಿದರು. ಉಪನ್ಯಾಸಕರು ಒಪ್ಪಲಿಲ್ಲ. ದೀಪ ಉರಿಯುತ್ತಿತ್ತು, ವೀಕ್ಷಣೆಯಿಲ್ಲ ಎಂದು ಬರೆಸಿದರು. ನಮ್ಮ ಸಂಘದ ಪುಸ್ತಕದಲ್ಲಿ ಆ ಸಾಲು ಹಾಗೆಯೇ ಇದೆ.

ಊರಿಗೆ ಮರಳಿದ ಮೇಲೆ ಬಪ್ಪು ಅವರ ಜೀವನದ ಉಳಿದರ್ಧವನ್ನು ಮತ್ತೆ ಓದಿದೆ. ಆಗ ಅದು ಬೇರೆಯಾಗಿ ಕಂಡಿತು.

ಪಾಲೊಮಾರಿನಂತಹ ಸ್ಥಳದಲ್ಲಿ ಕೆಲಸ ಮಾಡಿದ ತರುಣನು 1953ರಲ್ಲಿ ಸ್ವದೇಶಕ್ಕೆ ಬಂದಾಗ ಇಲ್ಲಿ ಅವನು ನೋಡಬಹುದಾದ ಆಧುನಿಕ ದೊಡ್ಡ ದೂರದರ್ಶಕವಿರಲಿಲ್ಲ. ಬಪ್ಪು ಅವರು 1954ರಲ್ಲಿ ವಾರಾಣಸಿಯಲ್ಲಿ ಆಗತಾನೆ ಆರಂಭವಾಗಿದ್ದ ಉತ್ತರ ಪ್ರದೇಶದ ಸರ್ಕಾರಿ ವೇಧಶಾಲೆಯನ್ನು ವಹಿಸಿಕೊಂಡರು. ಅದನ್ನು ಬೆಟ್ಟದ ಮೇಲಿನ ನೈನಿತಾಲಿಗೆ ಸಾಗಿಸಿ ಕಟ್ಟಿದರು. 1960ರಲ್ಲಿ, ತಮ್ಮ ಮೂವತ್ತೆರಡನೆಯ ವಯಸ್ಸಿನಲ್ಲಿ, ಕೊಡೈಕನಾಲ್ ವೇಧಶಾಲೆಯ ನಿರ್ದೇಶಕರಾದರು. ಸೂರ್ಯನ ಅಧ್ಯಯನಕ್ಕೆ ಹೆಸರಾದ ಆ ಹಳೆಯ ಸಂಸ್ಥೆಯಲ್ಲಿ ರಾತ್ರಿಯ ಆಕಾಶಕ್ಕೆ ಮೋಡಗಳ ಅಡ್ಡಿ ಬಹಳ. ಆದ್ದರಿಂದ ಅವರು ದಕ್ಷಿಣ ಭಾರತದಲ್ಲಿ ತಿಳಿಯಾದ, ಕತ್ತಲೆಯಾದ ಒಂದು ಜಾಗವನ್ನು ಅರಸತೊಡಗಿದರು. ಬಹಳ ಹುಡುಕಾಟದ ತರುವಾಯ ತಮಿಳುನಾಡಿನ ಜವಾದಿ ಬೆಟ್ಟಗಳ ನಡುವೆ, 700 ಮೀಟರಿಗೂ ಮೇಲ್ಪಟ್ಟ ಎತ್ತರದಲ್ಲಿ, ಕಾಡು ಸುತ್ತುವರಿದ ಕಾವಲೂರು ಸಿಕ್ಕಿತು. ಭೂಮಧ್ಯರೇಖೆಗೆ ಹತ್ತಿರವಾದ್ದರಿಂದ ದಕ್ಷಿಣ ಆಕಾಶದ ಬಹುಭಾಗವೂ ಅಲ್ಲಿಂದ ಕಾಣುತ್ತದೆ.

ಯಂತ್ರ ಬರುವವರೆಗೆ ಕಾಯೋಣವೆಂದು ಅವರು ಕೂರಲಿಲ್ಲ. ತಮ್ಮ ಕಾರ್ಯಾಗಾರದಲ್ಲಿಯೇ ತಯಾರಿಸಿದ 38 ಸೆಂಟಿಮೀಟರಿನ ದೂರದರ್ಶಕದಿಂದ 1968ರಲ್ಲಿ ಅಲ್ಲಿ ವೀಕ್ಷಣೆ ಆರಂಭವಾಯಿತು. 1972ರಲ್ಲಿ ಒಂದು ಮೀಟರಿನ ಯಂತ್ರ ಬಂದಿತು. ಅದೇ ವರ್ಷ ಜೂನ್ 7ರಂದು ಗುರುವಿನ ಉಪಗ್ರಹ ಗ್ಯಾನಿಮೀಡ್ ಒಂದು ನಕ್ಷತ್ರವನ್ನು ಮರೆಮಾಡಿದಾಗ, ಆ ಉಪಗ್ರಹಕ್ಕೆ ತೆಳುವಾದ ವಾಯುಮಂಡಲವಿರುವ ಸೂಚನೆ ಕಾವಲೂರಿನಲ್ಲಿ ದೊರೆಯಿತು. 1977ರ ಮಾರ್ಚ್ 10ರಂದು ಯುರೇನಸ್ ಗ್ರಹದ ಬಳೆಗಳು ಪತ್ತೆಯಾದ ರಾತ್ರಿಯಲ್ಲಿಯೂ ಕಾವಲೂರಿನ ಕಣ್ಣು ತೆರೆದಿತ್ತು. ಆ ದಿನ ಯಂತ್ರದ ಬಳಿ ಇದ್ದವರು ಬಪ್ಪು ಅವರಲ್ಲ, ಅವರ ಸಹೋದ್ಯೋಗಿಗಳು. ನೋಡುವ ಸುಖ ಅವರಿಗೆ; ನೋಡಲು ನೆಲೆ ಮಾಡಿಕೊಟ್ಟವರು ಇವರು.

1971ರಲ್ಲಿ ಕೊಡೈಕನಾಲ್ ವೇಧಶಾಲೆಯು ಭಾರತೀಯ ಖಭೌತ ಸಂಸ್ಥೆ ಎಂಬ ಸ್ವಾಯತ್ತ ಸಂಸ್ಥೆಯಾಯಿತು. ಕೆಲವು ವರ್ಷಗಳಲ್ಲಿ ಅದರ ಕೇಂದ್ರ ನಮ್ಮ ಬೆಂಗಳೂರಿನ ಕೋರಮಂಗಲಕ್ಕೆ ಬಂದಿತು. 1980ರ ಫೆಬ್ರವರಿ 16ರಂದು ಉತ್ತರ ಕರ್ನಾಟಕದ ಮೇಲೆ ಹಾದುಹೋದ ಪೂರ್ಣ ಸೂರ್ಯಗ್ರಹಣವನ್ನು ನೋಡಲು ಸಂಸ್ಥೆಯವರು ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಬಿಡಾರ ಹೂಡಿದ್ದರು. ಇಷ್ಟರ ನಡುವೆ ಬಪ್ಪು ಅವರು ಇನ್ನೊಂದು ದೊಡ್ಡ ಸಂಕಲ್ಪ ಮಾಡಿದ್ದರು. 234 ಸೆಂಟಿಮೀಟರಿನ ದೂರದರ್ಶಕವೊಂದನ್ನು ನಮ್ಮ ದೇಶದಲ್ಲಿಯೇ, ನಮ್ಮವರ ಕೈಯಿಂದಲೇ ನಿರ್ಮಿಸಬೇಕೆಂಬುದು ಅದು. ಹೊರಗಿನಿಂದ ಕೊಂಡು ತಂದರೆ ಬೇಗ ಮುಗಿಯುತ್ತಿತ್ತು. ಆದರೆ ಕಟ್ಟುವ ವಿದ್ಯೆ ನಮ್ಮಲ್ಲಿ ಉಳಿಯುತ್ತಿರಲಿಲ್ಲ.

1979ರಲ್ಲಿ ಅವರು ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಅಧ್ಯಕ್ಷರಾಗಿ ಆಯ್ಕೆಯಾದರು. 1982ರ ಆಗಸ್ಟ್‌ನಲ್ಲಿ ಗ್ರೀಸ್ ದೇಶದ ಪತ್ರಾಸ್ ನಗರದಲ್ಲಿ ಒಕ್ಕೂಟದ ಮಹಾಸಭೆ ಸೇರಿತು. ಅಧ್ಯಕ್ಷರಾದ ಬಪ್ಪು ಅವರು ಅಲ್ಲಿರಲಿಲ್ಲ. ಹೃದಯದ ಶಸ್ತ್ರಚಿಕಿತ್ಸೆಗೆ ಒಳಗಾಗಿ ಮ್ಯೂನಿಕ್ ನಗರದಲ್ಲಿದ್ದರು. ಸಭೆ ಇನ್ನೂ ನಡೆಯುತ್ತಿರುವಾಗಲೇ, ಆಗಸ್ಟ್ 19ರಂದು ಅಲ್ಲಿಯೇ ತೀರಿಕೊಂಡರು. ಐವತ್ತೈದು ವರ್ಷ ತುಂಬಿ ಒಂಬತ್ತು ದಿನಗಳಾಗಿದ್ದವು. ಅವರ ಸಂಕಲ್ಪದ ದೂರದರ್ಶಕ ಮುಗಿದದ್ದು ಅನಂತರ. 1986ರ ಜನವರಿ 6ರಂದು ಪ್ರಧಾನಿ ರಾಜೀವ್ ಗಾಂಧಿಯವರು ಅದಕ್ಕೆ ವೈನು ಬಪ್ಪು ದೂರದರ್ಶಕವೆಂದು ಹೆಸರಿಟ್ಟರು. ಹೆಸರು ಅವರದು, ಅದರೊಳಗಿನಿಂದ ಅವರು ಒಂದು ನಕ್ಷತ್ರವನ್ನೂ ನೋಡಲಿಲ್ಲ.

ಇನ್ನೊಂದು ಸಂಗತಿಯನ್ನೂ ಹೇಳಬೇಕು. ಮಿಥುನ ಉಲ್ಕೆಗಳನ್ನು ಜನ 1862ರಿಂದಲೂ ಬಲ್ಲರು. ಆದರೆ ಅವುಗಳ ಮೂಲ ಯಾವುದೆಂದು ಬಪ್ಪು ಅವರ ಜೀವಮಾನದಲ್ಲಿ ತಿಳಿದಿರಲಿಲ್ಲ. ಅವರು ತೀರಿಕೊಂಡ ಮರುವರ್ಷ, 1983ರ ಅಕ್ಟೋಬರಿನಲ್ಲಿ, ಕೃತಕ ಉಪಗ್ರಹವೊಂದು ಕಳುಹಿಸಿದ ಚಿತ್ರಗಳಲ್ಲಿ ಫೇಥಾನ್ ಎಂಬ ಪುಟ್ಟ ಕಾಯ ಸಿಕ್ಕಿತು. ಅದರ ಹಾದಿಯೂ ಈ ಉಲ್ಕೆಗಳ ಹಾದಿಯೂ ಒಂದೇ ಎಂದು ಗುರುತಿಸಿದವರು ಹಾರ್ವರ್ಡಿನ ಫ್ರೆಡ್ ವಿಪಲ್, ಬಪ್ಪು ಅವರು ಅಲ್ಲಿ ವಿದ್ಯಾರ್ಥಿಯಾಗಿದ್ದಾಗಲೂ ಅಲ್ಲಿದ್ದವರು. ಧೂಮಕೇತುವಿನಿಂದ ಕೀರ್ತಿ ಪಡೆದವರಿಗೆ ಈ ಸುದ್ದಿ ಎಷ್ಟು ಸಂತೋಷ ಕೊಡುತ್ತಿತ್ತೋ!

ಬೆಳಗಿನ ಜಾವ ಹೊರಡುವಾಗ ತಾತ ನಮಗೆಲ್ಲ ಕಾಫಿ ಕೊಟ್ಟು, ಬಂದ ಕೆಲಸ ಆಯಿತೇ ಎಂದು ವಿಚಾರಿಸಿದರು. ಆಯಿತೆಂದೆವು. ನೀವು ಒಂದನ್ನಾದರೂ ನೋಡಿದಿರಾ ಎಂದು ನಾನು ಕೇಳಿದೆ. ನೋಡುತ್ತ ಕುಳಿತರೆ ಕಾವಲು ಯಾರು ಇರುವುದು ಎಂದು ಅವರು ಸಹಜವಾಗಿ ಕೇಳಿದರು. ನನಗೆ ಉತ್ತರ ತೋಚಲಿಲ್ಲ. ಆ ಅಟ್ಟಣೆಯ ಮೇಲೆ ನಾಲ್ಕಾರು ಕ್ಷಣ ಸುಮ್ಮನಿದ್ದುದು ಈಗಲೂ ನನ್ನನ್ನು ಚುಚ್ಚುತ್ತದೆ.

ಸಹಪಾಠಿ ಮಿತ್ರರಲ್ಲಿ ನನ್ನ ವಿಜ್ಞಾಪನೆ ಇಷ್ಟೆ. ಬಪ್ಪು ಅವರ ಧೂಮಕೇತುವನ್ನು ನಾವು ನೆನೆಯೋಣ. ಅದಕ್ಕಿಂತ ಹೆಚ್ಚಾಗಿ, ತಮಗೆ ನೋಡಲು ಸಿಗದಿದ್ದರೂ ಇತರರು ನೋಡಲೆಂದು ಅವರು ದುಡಿದ ಮೂವತ್ತು ವರ್ಷಗಳನ್ನು ನೆನೆಯೋಣ. ಮುಂದಿನ ಡಿಸೆಂಬರಿನಲ್ಲಿ ಸಂಘವು ಎಲ್ಲಿಗೆ ಹೋದರೂ, ಮಧ್ಯರಾತ್ರಿಯ ಕಾವಲಿನ ಸರದಿಯನ್ನು ನನಗೇ ಕೊಡಬೇಕೆಂದು ಉಪನ್ಯಾಸಕರಲ್ಲಿ ಈಗಾಗಲೇ ಕೇಳಿಕೊಂಡಿದ್ದೇನೆ.